‘ನಾಳೆ ಬನ್ನಿ’ ಅನ್ನುವುದನ್ನು ಬಿಡಲು ಹೊರಟಾಗ

ನಾನು ಮಂಗಳೂರಿನಲ್ಲಿ 22 ವರ್ಷದಿಂದ ಬ್ಲೌಸ್ ಹೊಲಿಯುತ್ತಿದ್ದೇನೆ. ಟೈಲರ್‌ಗಳು ದಿನಕ್ಕೆ ಎಷ್ಟು ಸುಳ್ಳು ಹೇಳುತ್ತಾರೆ ಅಂತ ನಿಮಗೇ ಗೊತ್ತು, ಕೇಳಿಸಿಕೊಂಡವರು ನೀವೇ ಅಲ್ವಾ. ‘ಹುಕ್ಕು ಹಾಕೋದು ಮಾತ್ರ ಬಾಕಿ ಅಕ್ಕ’ ಅಂದರೆ ಬಟ್ಟೆ ಇನ್ನೂ ಕಟಿಂಗೇ ಆಗಿಲ್ಲ ಅಂತ ಅರ್ಥ. ಹಿಂದೆ ದೆವ್ವ ಒಳಗೆ ಬರಬಾರದು ಅಂತ ಬಾಗಿಲ ಮೇಲೆ ‘ನಾಳೆ ಬಾ’ ಅಂತ ಬರೆಯುತ್ತಿದ್ದರಲ್ಲ, ನಾನು ಅದನ್ನೇ ಗಿರಾಕಿಗಳಿಗೆ ಬಾಯಲ್ಲಿ ಹೇಳುತ್ತಿದ್ದೆ.

ಭಾನುವಾರ ಮಾತ್ರ ತಪ್ಪದೆ ಚರ್ಚಿಗೆ ಹೋಗುತ್ತಿದ್ದೆ. ನಾವು ಸಿಎಸ್‌ಐನವರು, ಅಂದರೆ ಚರ್ಚ್ ಆಫ್ ಸೌತ್ ಇಂಡಿಯಾ ಅನ್ನುವ ಪ್ರೊಟೆಸ್ಟೆಂಟ್ ಸಭೆಯವರು. ನಾನು ಸರಳ ಹೆಂಗಸು ಅಂತಲೇ ನನ್ನ ನಂಬಿಕೆ. ಕುತ್ತಿಗೆಗೆ ಒಂದು ಚೈನು, ವರ್ಷಕ್ಕೆ ಎರಡು ಸೀರೆ, ಸಾಲ ಇಲ್ಲ. ಇನ್ನೇನು ಬೇಕು?

ಒಂದು ಭಾನುವಾರ ಸಭಾಪಾಲಕರು ಬೈಬಲಿನ ಮತ್ತಾಯ 6ನೇ ಅಧ್ಯಾಯ ತೆಗೆದುಕೊಂಡರು, ಕಣ್ಣೇ ದೇಹಕ್ಕೆ ದೀಪ ಅನ್ನುವ ಮಾತು. ಅಲ್ಲಿ ಆ ಕಣ್ಣಿಗೆ ಗ್ರೀಕಿನಲ್ಲಿ ‘ಹಪ್ಲೂಸ್’ ಅನ್ನುವ ಪದ ಇದೆಯಂತೆ, ಒಂದೇ ಆಗಿರುವುದು, ಎರಡಿಲ್ಲದ್ದು ಅಂತ. ನನಗೆ ತಕ್ಷಣ ಹೊಳೆದದ್ದು ಲೈನಿಂಗ್. ಮೇಲೆ ರೇಷ್ಮೆ ಕಾಣುತ್ತದೆ, ಒಳಗೆ ಅಗ್ಗದ ಕಾಟನ್ ಇರುತ್ತದೆ. ಬ್ಲೌಸಿಗೆ ಅದು ಬೇಕು. ನನಗೆ ಯಾಕೆ?

ಈಸ್ಟರ್ ಹಬ್ಬಕ್ಕೆ ಮುಂಚಿನ ಲೆಂಟ್ ಉಪವಾಸಕಾಲ ಹತ್ತಿರ ಇತ್ತು. ನಮ್ಮಲ್ಲಿ ಆ 40 ದಿನ ಕೆಲವರು ಮೀನು ಬಿಡುತ್ತಾರೆ. ಮಂಗಳೂರಲ್ಲಿ ಮೀನು ಬಿಡೋದು ಸಣ್ಣ ವಿಷಯ ಅಲ್ಲ ಮಾರಾಯ್ರೆ, ಆದರೂ ನಾನು ಆ ಸಲ ಮೀನು ತಿಂದುಕೊಂಡು ಸುಳ್ಳು ಬಿಡೋಣ ಅಂದುಕೊಂಡೆ. ನಿಮ್ಮ ಹೌದು ಹೌದಾಗಿರಲಿ, ಅಲ್ಲ ಅನ್ನುವುದು ಅಲ್ಲವಾಗಿರಲಿ ಅಂತ ಯೇಸು ಹೇಳಿದ್ದನ್ನು ಚಿಕ್ಕಂದಿನಿಂದ ಬಾಯಿಪಾಠ ಮಾಡಿದ್ದೆ. ಅಂಗಡಿಗೆ ತಂದಿರಲಿಲ್ಲ ಅಷ್ಟೆ.

ಮೂರನೇ ದಿನಕ್ಕೇ ಸೋತೆ. ಬಾಯಿ ಹಿಡಿದರೆ ಸಾಕು ಅಂದುಕೊಂಡದ್ದೇ ತಪ್ಪು. ಆಮೇಲೆ ಒಂದು ವಾರ ದಿನಾ ಎಷ್ಟು ಹೊಲಿಯುತ್ತೇನೆ ಅಂತ ಅಳತೆ ಪುಸ್ತಕದ ಹಿಂದೆ ಬರೆದಿಟ್ಟೆ. ಲೈನಿಂಗ್ ಬ್ಲೌಸ್ ದಿನಕ್ಕೆ ನಾಲ್ಕು, ಕರೆಂಟ್ ಕೈಕೊಟ್ಟರೆ ಮೂರು. ನಾನು ಒಪ್ಪಿಕೊಳ್ಳುತ್ತಿದ್ದದ್ದು ಆರು! ಅಂದರೆ ‘ನಾಳೆ ಬನ್ನಿ’ ಅನ್ನುವ ಸುಳ್ಳು ಹುಟ್ಟುತ್ತಿದ್ದದ್ದು ಕೊಡುವ ದಿನ ಅಲ್ಲ, ಗಿರಾಕಿ ಪಕ್ಕದ ಅಂಗಡಿಗೆ ಹೋಗಿಬಿಟ್ಟರೆ ಅನ್ನುವ ಹೆದರಿಕೆಯಲ್ಲಿ ಬಟ್ಟೆ ತೆಗೆದುಕೊಂಡ ದಿನವೇ.

ನನ್ನ ಅಜ್ಜ ಹಂಚಿನ ಕೆಲಸದವರು. ಸ್ವಿಟ್ಜರ್ಲೆಂಡಿನಿಂದ ಬಂದ ಬಾಸೆಲ್ ಮಿಷನ್‌ನವರು 1865ರಲ್ಲಿ ಇಲ್ಲೇ ಮಂಗಳೂರಿನ ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆ ಹಾಕಿದ ಮೇಲೆ ನಮ್ಮವರ ಎಷ್ಟೋ ಮನೆಗಳ ಅನ್ನ ಅಲ್ಲಿಂದ ಬಂತು. ಅಜ್ಜ ಹಂಚನ್ನು ಎತ್ತಿ ಬೆರಳ ಗೆಣ್ಣಿನಿಂದ ತಟ್ಟಿ ನೋಡುತ್ತಿದ್ದರು. ಗಟ್ಟಿ ಹಂಚಾದರೆ ಠಣ್ ಅನ್ನುತ್ತದೆ, ಬಿರುಕು ಕಣ್ಣಿಗೆ ಕಾಣದಿದ್ದರೂ ಥಪ್ ಅನ್ನುತ್ತದೆ. ಫೋನಿನಲ್ಲಿ ನಾನೇ ‘ಖಂಡಿತ ಕೊಡ್ತೇನೆ’ ಅನ್ನುವಾಗ ಆ ಥಪ್ ಕೇಳಿಸತೊಡಗಿತು.

ಆಗಲೇ ಒಂದು ಎಡವಟ್ಟು ಆಯಿತು. ಮದುವೆ ಸೀರೆಯ ಬ್ಲೌಸ್ ಪೀಸ್, ತೋಳು ಎರಡು ಇಂಚು ಕಡಿಮೆ ಕತ್ತರಿಸಿಬಿಟ್ಟೆ. ಮೊದಲಾಗಿದ್ದರೆ ‘ಬಟ್ಟೆ ಸಾಕಾಗಲಿಲ್ಲ’ ಅಂತ ಆರಾಮಾಗಿ ಹೇಳುತ್ತಿದ್ದೆ, ಯಾರಿಗೂ ಗೊತ್ತಾಗುತ್ತಿರಲಿಲ್ಲ. ಈ ಸಲ ‘ತಪ್ಪು ನನ್ನದು ಅಕ್ಕ’ ಅಂದೆ. ಕೈ ನಡುಗುತ್ತಿತ್ತು. ಅವರು ಬೈದರು, ಪೀಸಿನ ದುಡ್ಡು 650 ರೂಪಾಯಿ ತೆಗೆದುಕೊಂಡರು, ಆಮೇಲೆ ಈ ಕಡೆ ಬರಲೇ ಇಲ್ಲ.

ಇದಕ್ಕಿಂತ ನಾಚಿಕೆಯ ವಿಷಯ ಮುಂದೆ ಇದೆ. ನಮ್ಮ ಚರ್ಚಿನ ಸ್ತ್ರೀಯರ ಕೂಟದಲ್ಲಿ ಸಾಕ್ಷಿ ಹೇಳಲು, ಅಂದರೆ ದೇವರು ನನ್ನ ಬದುಕಿನಲ್ಲಿ ಏನು ಮಾಡಿದ ಅಂತ ಎಲ್ಲರ ಮುಂದೆ ಹೇಳಲು ಕರೆದರು. ಇದೇ ಕತೆ ಹೇಳುತ್ತಾ ಹೇಳುತ್ತಾ ಕೊನೆಯಲ್ಲಿ, ಆ ಅಕ್ಕ ಕಣ್ಣೀರು ಹಾಕಿ ನನ್ನ ಕೈ ಹಿಡಿದರು ಅಂತ ಸೇರಿಸಿಬಿಟ್ಟೆ! ಎಲ್ಲರೂ ಸ್ತೋತ್ರ ಸ್ತೋತ್ರ ಅಂದರು. ಸುಳ್ಳು ಬಿಟ್ಟ ಕತೆಯನ್ನೇ ಸುಳ್ಳಿನಿಂದ ಮುಗಿಸಿದ್ದೆ. ಆ ರಾತ್ರಿ ನಿದ್ದೆ ಬರಲಿಲ್ಲ. ಮುಂದಿನ ಕೂಟದಲ್ಲಿ ಎದ್ದುನಿಂತು, ‘ಅವರು ಅಳಲಿಲ್ಲ, ಬೈದು ಹೋದರು’ ಅಂದೆ. ಸ್ವಲ್ಪ ಹೊತ್ತು ಎಲ್ಲರೂ ಸುಮ್ಮನಿದ್ದರು. ಹಿಂದಿನ ಬೆಂಚಿನ ಒಬ್ಬರು ದೊಡ್ಡಮ್ಮ ನಗಲು ಶುರುಮಾಡಿದ್ದೇ, ಉಳಿದವರೂ ನಕ್ಕರು, ನಾನೂ ನಕ್ಕೆ. ಆಮೇಲೆ ಚಹಾ, ಬನ್ಸ್. ಮೊದಲ ಕ್ರೈಸ್ತರು ಮನೆಮನೆಯಲ್ಲಿ ಸಂತೋಷದಿಂದ, ಕಪಟ ಇಲ್ಲದ ಮನಸ್ಸಿನಿಂದ ಊಟ ಮಾಡುತ್ತಿದ್ದರು ಅಂತ ಬೈಬಲಿನ ಅಪೊಸ್ತಲರ ಕೃತ್ಯಗಳಲ್ಲಿ ಬರುತ್ತದಲ್ಲ, ಹೀಗೇ ಇದ್ದಿರಬೇಕು ಅನ್ನಿಸಿತು. ಬನ್ಸ್ ಇರಲಿಲ್ಲ ಅಷ್ಟೆ.

ಈಗ ಗಿರಾಕಿ ಮೊದಲಿಗಿಂತ ಕಡಿಮೆ. ಪ್ರತಿ ಬಟ್ಟೆಯ ಮೇಲೆ ತಾರೀಕಿನ ಚೀಟಿ ಪಿನ್ ಮಾಡಿ ಇಡುತ್ತೇನೆ. ಈ ವಾರ ಪುಸ್ತಕದಲ್ಲಿ 17 ಬ್ಲೌಸ್ ಇವೆ, ಅದರಲ್ಲಿ ಎರಡು ತಡ ಆಗುತ್ತವೆ. ಆ ಇಬ್ಬರಿಗೂ ಬೆಳಿಗ್ಗೆಯೇ ಫೋನ್ ಮಾಡಬೇಕಿತ್ತು. ಇದನ್ನು ಬರೆಯುವ ನೆವದಲ್ಲಿ ಮುಂದಕ್ಕೆ ತಳ್ಳುತ್ತಾ ಕೂತಿದ್ದೇನೆ.