ಜೋಡಿ ಹಕ್ಕಿಗಳನ್ನು ನೋಡಿ ಟಿಪ್ಪಣಿ ಮಾಡುವ ಬಗೆ: ಕೊಕ್ಕರೆ ಬೆಳ್ಳೂರಿನಿಂದ ಗೀಜಗದ ಮರದವರೆಗೆ

ಮುಸ್ಸಂಜೆಯಲ್ಲಿ ಹಳೆಯ ಆಲದ ಪೊಟರೆಯ ಬಾಯಲ್ಲಿ ಹಾಲಕ್ಕಿ ಎಂಬ ಎರಡು ಪುಟ್ಟ ಗೂಬೆಗಳು ಮೈಗೆ ಮೈ ತಾಗಿಸಿ ಕುಳಿತು, ಒಂದು ಇನ್ನೊಂದರ ಕತ್ತಿನ ಗರಿಗಳನ್ನು ಕೊಕ್ಕಿನಿಂದ ನೇವರಿಸುವುದನ್ನು ಕಂಡವರು, ಅವು ಬಾಳಿಡೀ ಒಂದನ್ನೊಂದು ಬಿಡದ ಗಂಡ ಹೆಂಡತಿ ಎಂದು ಕೂಡಲೇ ತೀರ್ಮಾನಿಸಿಬಿಡುತ್ತಾರೆ. ಆ ತೀರ್ಮಾನದೊಳಗೆ ಮೂರು ಬೇರೆ ಬೇರೆ ಪ್ರಶ್ನೆಗಳು ಕಲೆತಿವೆ: ಯಾವುದು ಯಾವುದರ ಜೊತೆ ಸಂಸಾರ ಹೂಡಿದೆ, ಯಾವುದು ಯಾವುದರ ಜೊತೆ ಕೂಡುತ್ತದೆ, ಗೂಡಿನಲ್ಲಿರುವ ಮರಿಗಳ ತಂದೆ ಯಾರು. ಮೊದಲನೆಯದಕ್ಕೆ ದುರ್ಬೀನು ಹಿಡಿದು ತಾಳ್ಮೆಯಿಂದ ಕುಳಿತವರಿಗೆ ಉತ್ತರ ಸಿಗುತ್ತದೆ. ಎರಡನೆಯದಕ್ಕೆ ಅಪರೂಪಕ್ಕೆ ಸಿಗುತ್ತದೆ. ಮೂರನೆಯದಕ್ಕೆ ಬರಿಗಣ್ಣಿನಿಂದ ಎಂದೂ ಸಿಗುವುದಿಲ್ಲ. ಮೈಸೂರು, ಮಂಡ್ಯದ ಸುತ್ತಮುತ್ತ ಹಕ್ಕಿ ನೋಡುವ ಹವ್ಯಾಸವಿರುವವರು ಈ ಮೂರನ್ನೂ ಬೆರೆಸದೆ ಟಿಪ್ಪಣಿ ಮಾಡುವುದು ಹೇಗೆ ಎಂಬುದನ್ನು ಇಲ್ಲಿ ವಿವರಿಸಿದ್ದೇನೆ.

ಇಷ್ಟು ಎಚ್ಚರ ಏಕೆ ಬೇಕು ಎಂಬುದಕ್ಕೆ ಕಾರಣವಿದೆ. ಹಕ್ಕಿ ಪ್ರಭೇದಗಳಲ್ಲಿ ಸುಮಾರು 90 ಪ್ರತಿಶತ ಜೋಡಿಯಾಗಿ ಸಂಸಾರ ಹೂಡುತ್ತವೆ ಎಂಬುದನ್ನು ನೋಡಿ, ಅವುಗಳ ಮರಿಗಳೆಲ್ಲ ಆ ಜೋಡಿಯವೇ ಎಂದು ಬಹುಕಾಲ ನಂಬಲಾಗಿತ್ತು. ಅಮೆರಿಕದಲ್ಲಿ ಕೆಂಪು ರೆಕ್ಕೆಯ ಕಪ್ಪು ಹಕ್ಕಿಯ ಗಂಡುಗಳಿಗೆ ಸಂತಾನಹರಣ ಶಸ್ತ್ರಚಿಕಿತ್ಸೆ ಮಾಡಿ ಬಿಟ್ಟಾಗ, ಅವುಗಳ ಸರಹದ್ದಿನಲ್ಲಿದ್ದ ಹೆಣ್ಣುಗಳು ಆಮೇಲೂ ಮರಿಯಾಗಬಲ್ಲ ಮೊಟ್ಟೆಗಳನ್ನೇ ಇಟ್ಟವು ಎಂದು 1975ರಲ್ಲಿ ಪ್ರಕಟವಾದ ಅಧ್ಯಯನ ತೋರಿಸಿತು. 1980ರ ದಶಕದಲ್ಲಿ ಡಿಎನ್‌ಎ ಬೆರಳಚ್ಚು ಪರೀಕ್ಷೆ ಬಂದ ಮೇಲೆ ನಮ್ಮ ಮನೆಯಂಗಳದ ಗುಬ್ಬಚ್ಚಿಯ ಗೂಡಿನಲ್ಲೂ ಬೇರೆ ಗಂಡಿನ ಮರಿಗಳು ಇರುವುದು ತಿಳಿಯಿತು. ಆಸ್ಟ್ರೇಲಿಯದ ನೀಲಿ ಬಣ್ಣದ ಪುಟ್ಟ ಫೇರಿ ರೆನ್ ಹಕ್ಕಿಯಲ್ಲಂತೂ ಅರ್ಧಕ್ಕಿಂತ ಹೆಚ್ಚು ಮರಿಗಳು ಜೊತೆಗಿರುವ ಗಂಡಿನವಲ್ಲ. ಆದರೂ ಆ ಜೋಡಿ ಒಟ್ಟಿಗೇ ಇರುತ್ತದೆ. ಇದಕ್ಕೆ ತದ್ವಿರುದ್ಧವಾಗಿ ಅಮೆರಿಕದ ಕಪ್ಪು ರಣಹದ್ದುಗಳಲ್ಲಿ ಪರೀಕ್ಷಿಸಿದ ಮರಿಗಳೆಲ್ಲ ಜೋಡಿಯವೇ ಆಗಿದ್ದವು. ಹೀಗಾಗಿ ಸಂಸಾರದ ಏಕಸಂಗಾತಿತ್ವ ಬೇರೆ, ವಂಶವಾಹಿಯ ಏಕಸಂಗಾತಿತ್ವ ಬೇರೆ. ನಾವು ಕಣ್ಣಾರೆ ಕಂಡು ಬರೆಯಬಹುದಾದದ್ದು ಮೊದಲನೆಯದನ್ನು ಮಾತ್ರ.

ಸಿದ್ಧತೆ ಹೆಚ್ಚೇನೂ ಬೇಡ. ಒಂದು ದುರ್ಬೀನು, ಗಡಿಯಾರ, ಗೆರೆ ಎಳೆದ ನೋಟ್‌ಬುಕ್ಕು ಮತ್ತು ಪೆನ್ಸಿಲ್ ಸಾಕು. ಪೆನ್ನಿನ ಶಾಯಿ ಮುಂಗಾರಿನ ಜಿಟಿಜಿಟಿಯಲ್ಲಿ ಹರಡಿಬಿಡುತ್ತದೆ. ಪುಟವನ್ನು ನಾಲ್ಕು ಅಂಕಣಗಳಾಗಿ ಮಾಡಿ, ಸಮಯ, ಯಾವ ಹಕ್ಕಿ, ಏನು ಮಾಡಿತು, ಯಾವುದರ ಕಡೆಗೆ ಮಾಡಿತು ಎಂದು ಬರೆಯಿರಿ. ‘ಪ್ರೀತಿಯಿಂದ ಬಂದಿತು’ ಎಂದು ಬರೆಯಬೇಡಿ. ‘ಕಡ್ಡಿ ತಂದಿತು, ಗೂಡಿನಲ್ಲಿದ್ದ ಹಕ್ಕಿ ಅದನ್ನು ಕೊಕ್ಕಿನಿಂದ ತೆಗೆದುಕೊಂಡಿತು’ ಎಂದು ಬರೆಯಿರಿ. ಒಂದು ಗೂಡನ್ನು ಆರಿಸಿಕೊಂಡರೆ ಅರ್ಧ ಗಂಟೆ ಅದನ್ನು ಬಿಟ್ಟು ಬೇರೆಡೆಗೆ ಕಣ್ಣು ಹಾಯಿಸಬಾರದು, ಏಕೆಂದರೆ ಏನೂ ನಡೆಯದ ಅರ್ಧ ಗಂಟೆಯೂ ಒಂದು ಮಾಹಿತಿಯೇ. ಹಕ್ಕಿ ನಿಮ್ಮತ್ತ ಕತ್ತು ಚಾಚಿ ನೋಡತೊಡಗಿದರೆ ನೀವು ತೀರಾ ಹತ್ತಿರ ಹೋಗಿದ್ದೀರಿ ಎಂದರ್ಥ. ಆ ಕ್ಷಣವೇ ಹಿಂದೆ ಸರಿಯಬೇಕು. ಬೆದರಿ ಎದ್ದ ಹಕ್ಕಿಯ ಗೂಡಿಗೆ ಕಾಗೆ ಎರಗಲು ಒಂದು ನಿಮಿಷವೂ ಬೇಕಿಲ್ಲ.

ಕಲಿಕೆಯನ್ನು ಮದ್ದೂರು ತಾಲ್ಲೂಕಿನ ಕೊಕ್ಕರೆ ಬೆಳ್ಳೂರಿನಿಂದ ಆರಂಭಿಸುವುದು ಒಳ್ಳೆಯದು. ಊರ ನಡುವಿನ ಹುಣಸೆ ಮರಗಳಲ್ಲೇ ಹೆಜ್ಜಾರ್ಲೆಗಳೂ (ಪೆಲಿಕನ್) ಬಣ್ಣದ ಕೊಕ್ಕರೆಗಳೂ ಗೂಡು ಕಟ್ಟುವುದರಿಂದ ಬೀದಿಯಲ್ಲಿ ನಿಂತೇ ಎಲ್ಲವನ್ನೂ ನೋಡಬಹುದು. ಈ ಹಕ್ಕಿಗಳನ್ನು ಹೆರಿಗೆಗೆ ತವರಿಗೆ ಬಂದ ಹೆಣ್ಣುಮಕ್ಕಳೆಂದು ಊರಿನವರು ಕಾಣುತ್ತಾರೆ. ಗಮನಿಸಿ ನೋಡಿದರೆ ಇಲ್ಲಿ ಅಳಿಯನೂ ಜೊತೆಗೇ ಬಂದು, ಸರದಿಯಂತೆ ಕಾವು ಕೂರುತ್ತಾನೆ. ಬಣ್ಣದ ಕೊಕ್ಕರೆಯಲ್ಲಿ ಗಂಡು ಹೆಣ್ಣು ಒಂದೇ ಬಗೆಯಾಗಿ ಕಾಣುತ್ತವೆ. ಗಂಡು ತುಸು ದೊಡ್ಡದು, ಅದರ ಕೊಕ್ಕು ತುಸು ಉದ್ದ. ಜೋಡಿ ಅಕ್ಕಪಕ್ಕ ನಿಂತಾಗ ಮಾತ್ರ ಈ ವ್ಯತ್ಯಾಸ ಗೊತ್ತಾಗುತ್ತದೆ. ಆಗಲೇ ಕೊಕ್ಕಿನ ಮೇಲಿನ ಕಲೆ, ಮುರಿದ ಗರಿ, ಕಾಲಿನ ಗಾಯ ಇಂಥ ಯಾವುದಾದರೂ ಗುರುತನ್ನು ಬರೆದುಕೊಂಡರೆ ಮುಂದಿನ ಗಂಟೆಗಳಲ್ಲಿ ಯಾವುದು ಯಾವುದೆಂಬ ಗೊಂದಲವಿರುವುದಿಲ್ಲ. ಕಡ್ಡಿ ತರುವುದು ಹೆಚ್ಚಾಗಿ ಗಂಡು, ಅದನ್ನು ಗೂಡಿಗೆ ಹೆಣೆಯುವುದು ಹೆಚ್ಚಾಗಿ ಹೆಣ್ಣು. ಹೊರಗಿನಿಂದ ಬಂದ ಹಕ್ಕಿ ಗೂಡಿನ ಅಂಚಿಗೆ ಇಳಿದಾಗ ಎರಡೂ ಕತ್ತನ್ನು ಮೇಲಕ್ಕೆತ್ತಿ ಇಳಿಸಿ, ಕೊಕ್ಕನ್ನು ಪಟಪಟನೆ ಬಡಿಯುತ್ತವೆ; ಆಮೇಲೆ ಕುಳಿತಿದ್ದ ಹಕ್ಕಿ ಎದ್ದು ಹೋಗುತ್ತದೆ, ಬಂದದ್ದು ಮೊಟ್ಟೆಗಳನ್ನು ಕೊಕ್ಕಿನಿಂದ ಮೆಲ್ಲಗೆ ಹೊರಳಿಸಿ ಕೂರುತ್ತದೆ. ಈ ಸರದಿ ಬದಲಾಗುವ ಹೊತ್ತನ್ನು ತಪ್ಪದೆ ದಾಖಲಿಸಿ, ಏಕೆಂದರೆ ಜೋಡಿ ಏಕೆ ಒಟ್ಟಿಗಿರುತ್ತದೆ ಎಂಬುದರ ಉತ್ತರ ಅಲ್ಲಿದೆ. ಒಂದು ಹಕ್ಕಿ ದೂರದ ಕೆರೆಗೆ ಮೀನಿಗೆ ಹೋದಾಗ ಇನ್ನೊಂದು ಹದ್ದು ಕಾಗೆಗಳಿಂದ ಮರಿಗಳನ್ನು ಕಾಯಬೇಕು, ನಡುಹಗಲಿನ ಬಿಸಿಲಿಗೆ ರೆಕ್ಕೆಯನ್ನು ಕೊಡೆಯಂತೆ ಬಿಚ್ಚಿ ನೆರಳು ಮಾಡಬೇಕು. ಒಂಟಿಯಾಗಿ ಇದು ಸಾಗದು.

ಹೆಣ್ಣು ಗಂಡನ್ನು ಅಳೆಯುವ ಒಂದು ಬಗೆಯನ್ನು ರಂಗನತಿಟ್ಟಿನಲ್ಲಿ ಕಾಣಬಹುದು. ಬೇಸಿಗೆಯಲ್ಲಿ ಕಾವೇರಿಯ ಬಂಡೆಗಳ ಮೇಲೆ ಮೊಟ್ಟೆಯಿಡುವ ಹೊಳೆ ರೀವ ಎಂಬ ನೀರಹಕ್ಕಿಗಳಲ್ಲಿ ಗಂಡು ಮೀನು ಹಿಡಿದು ತಂದು ಹೆಣ್ಣಿಗೆ ಕೊಡುತ್ತದೆ. ಮೀನು ತಂದ ಹೊತ್ತು, ಹೆಣ್ಣು ಅದನ್ನು ಪಡೆಯಿತೋ ಇಲ್ಲವೋ, ಆಮೇಲೆ ಕೂಡಿದವೋ ಇಲ್ಲವೋ ಎಂಬುದನ್ನು ಬರೆಯಿರಿ. ದೋಣಿ ಒಂದೆಡೆ ಹೆಚ್ಚು ಹೊತ್ತು ನಿಲ್ಲದ ಕಾರಣ ಈ ಕೆಲಸಕ್ಕೆ ದಡವೇ ಲೇಸು.

ಸಂಗಾತಿಯ ಆಯ್ಕೆಯನ್ನು ಕಣ್ಣೆದುರೇ ನೋಡಬೇಕೆಂದರೆ ಗೀಜಗಕ್ಕೆ ಸಮನಾದದ್ದು ನಮ್ಮಲ್ಲಿಲ್ಲ. ಮುಂಗಾರು ಹಿಡಿದ ಮೇಲೆ ಮಂಡ್ಯದ ನಾಲೆಗಳ ಏರಿಯ ಮೇಲೆ, ಹಳೆಯ ಬಾವಿಗಳ ಬಳಿ, ನೀರಿನ ಮೇಲೆ ಬಾಗಿದ ಜಾಲಿ ಅಥವಾ ಈಚಲು ಮರವನ್ನು ಹುಡುಕಿ. ಶ್ರೀರಂಗಪಟ್ಟಣದ ಆಚೆ ಗದ್ದೆಬಯಲಿನ ಬಾವಿಯೊಂದರ ಬಳಿ ನಾನು ಹಲವು ಬೆಳಗುಗಳನ್ನು ಕಳೆದಿದ್ದೇನೆ. ಹಳದಿ ನೆತ್ತಿಯ ಗಂಡು ಭತ್ತದ ಗರಿಯ ಅಂಚನ್ನು ಕೊಕ್ಕಿನಿಂದ ಕಚ್ಚಿ, ಹಾರಿಹೋಗುತ್ತಲೇ ಉದ್ದವಾದ ಎಳೆಯನ್ನು ಸೀಳಿ ತರುತ್ತದೆ. ಒಂದು ಗೂಡಿಗೆ ಇಂಥ ಐನೂರರಷ್ಟು ಓಡಾಟ ಬೇಕಾಗಬಹುದು. ಮೊದಲು ಉಂಗುರ, ಆಮೇಲೆ ಟೋಪಿಯ ಆಕಾರ. ಟೋಪಿಯ ಹಂತ ಮುಟ್ಟಿದೊಡನೆ ಗಂಡು ಕಟ್ಟುವುದನ್ನು ನಿಲ್ಲಿಸಿ, ಅದಕ್ಕೆ ಜೋತುಬಿದ್ದು ರೆಕ್ಕೆ ಬಡಿಯುತ್ತ ಕೂಗತೊಡಗುತ್ತದೆ. ಆಗ ಹೆಣ್ಣುಗಳು ಬರುತ್ತವೆ. ಹೆಣ್ಣು ಒಳಹೊಕ್ಕು, ಎಳೆಗಳನ್ನು ಜಗ್ಗಿ, ಸ್ವಲ್ಪ ಹೊತ್ತು ಕುಳಿತು, ಬಹುಪಾಲು ಸಲ ಹಾರಿಹೋಗುತ್ತದೆ. ಒಪ್ಪಿದರೆ ಮಾತ್ರ ಗಂಡು ಕೊಳವೆಯನ್ನು ಕಟ್ಟಿ ಗೂಡನ್ನು ಮುಗಿಸುತ್ತದೆ.

ಇದನ್ನು ದಾಖಲಿಸಲು ಮರದ ರೇಖಾಚಿತ್ರ ಬರೆದು, ಪ್ರತಿ ಗೂಡಿಗೂ ಸಂಖ್ಯೆ ಕೊಡಿ. ವಾರಕ್ಕೆ ಎರಡು ಸಲವಾದರೂ ಹೋಗಿ, ಯಾವ ಗೂಡು ಯಾವ ಹಂತದಲ್ಲಿದೆ, ಎಷ್ಟು ಹೆಣ್ಣುಗಳು ಹೊಕ್ಕು ನೋಡಿದವು ಎಂದು ಬರೆಯಿರಿ. ಕೊಂಬೆಯ ಎತ್ತರ, ಮುಳ್ಳು, ಕೆಳಗೆ ನೀರಿದೆಯೇ, ಗೂಡು ಪೂರ್ವಕ್ಕಿದೆಯೇ ಪಶ್ಚಿಮಕ್ಕಿದೆಯೇ ಎಂಬುದನ್ನು ಬಿಡಬೇಡಿ. ನೇಯ್ಗೆಯ ಅಂದವೇ ಹೆಣ್ಣನ್ನು ಸೆಳೆಯುತ್ತದೆ ಎಂದು ನಮಗೆ ತೋರುವುದು ಸಹಜ. ಆದರೆ ನಮ್ಮ ದೇಶದಲ್ಲಿ ನಡೆದ ಅಧ್ಯಯನಗಳಲ್ಲಿ ನೇಯ್ಗೆಗಿಂತ ಗೂಡಿರುವ ಜಾಗವೇ ಹೆಚ್ಚು ಮುಖ್ಯವೆಂದು ಕಂಡುಬಂದಿದೆ. ಹೆಣ್ಣು ಒಳಗೆ ಮೊಟ್ಟೆಯಿಟ್ಟ ಮೇಲೆ ಗಂಡು ಪಕ್ಕದಲ್ಲೇ ಇನ್ನೊಂದು ಗೂಡನ್ನು ಆರಂಭಿಸಿ ಮತ್ತೊಂದು ಹೆಣ್ಣನ್ನು ಕರೆಯುತ್ತದೆ. ಗೂಡು ಭದ್ರವಾಗಿದ್ದು ಸುತ್ತಲೂ ಕಾಳು, ಹುಳು ಹೇರಳವಾಗಿರುವಾಗ ಮರಿಗಳಿಗೆ ಗುಟುಕು ಕೊಡುವ ಕೆಲಸವನ್ನು ಬಹುಮಟ್ಟಿಗೆ ಹೆಣ್ಣೇ ನಿಭಾಯಿಸಬಲ್ಲದು; ಹೆಜ್ಜಾರ್ಲೆಗೆ ಇಲ್ಲದ ಅನುಕೂಲ ಇದು.

ತಾವರೆ ಎಲೆ ಹಾಸಿದ ಕೆರೆಗಳಲ್ಲಿ ಉದ್ದಬಾಲದ ದೇವನಕ್ಕಿಯನ್ನು ನೋಡುವಾಗ ಇದೇ ಲೆಕ್ಕವನ್ನು ತಿರುವು ಮುರುವು ಮಾಡಿಕೊಳ್ಳಬೇಕು. ಅಲ್ಲಿ ದೊಡ್ಡದಾಗಿರುವುದು ಹೆಣ್ಣು. ಅದು ನಾಲ್ಕು ಮೊಟ್ಟೆಯಿಟ್ಟು ಗಂಡಿಗೆ ಒಪ್ಪಿಸಿ, ಇನ್ನೊಂದು ಗಂಡಿನ ಕಡೆಗೆ ಹೋಗುತ್ತದೆ. ಕಾವು ಕೂತ ಹಕ್ಕಿಯನ್ನು ತಾಯಿ ಎಂದು ಬರೆದರೆ ಇಡೀ ಪುಟ ತಪ್ಪಾಗುತ್ತದೆ.

ಹಾಲೂಡಿಸುವ ಪ್ರಾಣಿಗಳಲ್ಲಿ ಬಸುರು, ಹಾಲು ಎರಡೂ ಹೆಣ್ಣಿನ ಪಾಲಾದ್ದರಿಂದ ಜೋಡಿ ಬದುಕು ವಿರಳ. ಮಂಡ್ಯದ ಕಬ್ಬಿನ ಗದ್ದೆಗಳಲ್ಲಿ ಕೂಗುವ ಗುಳ್ಳೆನರಿ ಈ ವಿರಳದಲ್ಲೊಂದು. ಗಂಡು ಹೆಣ್ಣು ಸೇರಿ ಸರಹದ್ದು ಕಾಯುತ್ತವೆ, ಹಿಂದಿನ ಸೂಲಿನ ಮರಿಗಳು ಕೆಲವೊಮ್ಮೆ ತಮ್ಮಂದಿರನ್ನೂ ತಂಗಿಯರನ್ನೂ ಸಾಕಲು ನೆರವಾಗುತ್ತವೆ.

ಭತ್ತದ ಕೊಯ್ಲು ಮುಗಿದ ಮೇಲೆ ಗೀಜಗದ ಮರಕ್ಕೆ ಮತ್ತೊಮ್ಮೆ ಹೋಗಿ. ಹಕ್ಕಿಗಳು ಬಿಟ್ಟುಹೋದ ಗೂಡುಗಳು ಒಣಗಿ ತೂಗಾಡುತ್ತಿರುತ್ತವೆ. ಕೊಳವೆಯಿರುವ ಗೂಡುಗಳನ್ನೂ ಟೋಪಿಯಲ್ಲೇ ನಿಂತವನ್ನೂ ಬೇರೆ ಬೇರೆಯಾಗಿ ಎಣಿಸಿ, ಮುಂಗಾರಿನ ರೇಖಾಚಿತ್ರದ ಪಕ್ಕದಲ್ಲಿ ಬರೆದಿಡಿ. ಕೊಳವೆ ಕಟ್ಟಿಸಿಕೊಂಡವು ಹೆಣ್ಣು ಒಪ್ಪಿದವು. ಟೋಪಿಯಾಗಿಯೇ ಉಳಿದವು, ಬಹುಮಟ್ಟಿಗೆ, ಅದು ಒಳಹೊಕ್ಕು ಎಳೆಗಳನ್ನು ಜಗ್ಗಿ ನೋಡಿ ಬೇಡವೆಂದು ಬಿಟ್ಟವು.