ಸುಣ್ಣದ ಗೋಡೆಗೆ ತೇಪೆ ಹಾಕುವ ಮುನ್ನ

ಮಳೆಗಾಲ ಮುಗಿದು ದೀಪಾವಳಿಗೆ ಸುಣ್ಣ ಬಳಿಯುವ ಹೊತ್ತಿಗೆ ಮಲೆನಾಡಿನ ಹಳೆಯ ಮನೆಗಳಲ್ಲಿ ಗೋಡೆಯ ಬುಡದಿಂದ ಮೊಳದೆತ್ತರದವರೆಗೆ ಸುಣ್ಣ ಹಕ್ಕಳೆಯೆದ್ದು ಉದುರುತ್ತಿರುತ್ತದೆ. ಆಗ ಬ್ರಷ್ ಹಿಡಿಯುವ ಮೊದಲು ನೀರು ಎಲ್ಲಿಂದ ಬರುತ್ತಿದೆ ಎಂದು ಹುಡುಕಬೇಕು. ಒಡೆದ ಹೆಂಚನ್ನು ಬದಲಿಸದೆ, ಹೊರಗೋಡೆಗೆ ಒತ್ತಿಕೊಂಡ ಮಣ್ಣನ್ನು ತೆಗೆಯದೆ ಎಷ್ಟು ಸಲ ಬಳಿದರೂ ಮುಂದಿನ ಮಳೆಗೆ ಅದೇ ಜಾಗ ಮತ್ತೆ ಉದುರುತ್ತದೆ.

ಒಮ್ಮೆ ನಾನೂ ಅವಸರಪಟ್ಟು ಅಂಥ ಗುಂಡಿಗಳಿಗೆ ಸಿಮೆಂಟು ಮೆತ್ತಿಸಿದ್ದೆ. ಎರಡು ಮಳೆಗಾಲ ಕಳೆಯುವಷ್ಟರಲ್ಲಿ ಸಿಮೆಂಟಿನ ತೇಪೆ ಗಟ್ಟಿಯಾಗಿಯೇ ಉಳಿಯಿತು, ಅದರ ಸುತ್ತಲಿನ ಹಳೆಯ ಗಾರೆ ಪುಡಿಯಾಯಿತು. ಸುಣ್ಣದ ಗೋಡೆ ತನ್ನೊಳಗಿನ ತೇವವನ್ನು ಹೊರಗೆ ಬಿಡುತ್ತಿರುತ್ತದೆ. ಸಿಮೆಂಟು ಅದನ್ನು ತಡೆದಾಗ ತೇವ ಪಕ್ಕದ ಮೆತ್ತನೆಯ ಗಾರೆಗೆ ನುಗ್ಗುತ್ತದೆ. ಪ್ಲಾಸ್ಟಿಕ್ ಪೇಂಟಿನ ತೊಂದರೆಯೂ ಇದೇ. ಅದರ ಮೇಲೆ ಸುಣ್ಣವೂ ನಿಲ್ಲುವುದಿಲ್ಲವಾದ್ದರಿಂದ ಅದನ್ನು ಪೂರ್ತಿ ಕೆರೆದು ತೆಗೆಯಬೇಕು.

ಸಡಿಲವಾದ ಚಕ್ಕೆಗಳನ್ನು ಕರಣೆಯಿಂದ ಕೆರೆದ ಮೇಲೆ ಗೋಡೆಯ ಮೇಲಿನ ಬಿಳಿ ಉಪ್ಪನ್ನು ಒಣ ಬ್ರಷ್ಷಿನಿಂದಲೇ ಉದುರಿಸಿರಿ; ನೀರು ಹಾಕಿ ತೊಳೆದರೆ ಉಪ್ಪು ಕರಗಿ ಮತ್ತೆ ಒಳಗೆ ಸೇರುತ್ತದೆ. ಗುಂಡಿಗಳಿಗೆ ಒಂದು ಪಾಲು ನೆನೆದ ಸುಣ್ಣ (ಸುಟ್ಟ ಸುಣ್ಣವನ್ನು ನೀರಿನಲ್ಲಿ ಅರಳಿಸಿದ್ದು), ಮೂರು ಪಾಲು ಜರಡಿ ಹಿಡಿದ ಮರಳು ಕಲಸಿದ ಗಾರೆ ಸಾಕು. ಗುಂಡಿ ಆಳವಾಗಿದ್ದರೆ ಒಂದೇ ಸಲಕ್ಕೆ ತುಂಬದೆ ಬೆರಳ ದಪ್ಪದ ಪದರಗಳಲ್ಲಿ ತುಂಬಿ, ಒಂದು ಪದರ ಬಿಗಿದ ಮೇಲೆ ಇನ್ನೊಂದನ್ನು ಹಾಕಬೇಕು. ಸುಣ್ಣ ಗಟ್ಟಿಯಾಗುವುದು ಗಾಳಿಯಲ್ಲಿನ ಇಂಗಾಲದ ಡೈಆಕ್ಸೈಡನ್ನು ಹೀರಿಕೊಂಡು, ಅದಕ್ಕೆ ಒಂದಿಷ್ಟು ತೇವವೂ ಬೇಕು. ಆದ್ದರಿಂದ ಕೆಲವು ದಿನ ನೀರು ಚಿಮುಕಿಸುತ್ತಿರಬೇಕು, ನೇರ ಬಿಸಿಲು ಬೀಳದಂತೆ ಗೋಣಿ ಕಟ್ಟಬೇಕು.

ಸುಟ್ಟ ಸುಣ್ಣವನ್ನು ಮನೆಯಲ್ಲೇ ಅರಳಿಸುವವರು ನೀರಿಗೆ ಸುಣ್ಣದ ಹರಳುಗಳನ್ನು ಸ್ವಲ್ಪ ಸ್ವಲ್ಪವೇ ಹಾಕಬೇಕೇ ಹೊರತು ಹರಳುಗಳ ಮೇಲೆ ನೀರು ಸುರಿಯಬಾರದು. ಅದು ಕುದಿದು ಸಿಡಿಯುತ್ತದೆ, ಪ್ಲಾಸ್ಟಿಕ್ ಬಕೆಟ್ಟೂ ಕರಗಬಹುದು. ಕಣ್ಣಿಗೆ ಸಿಡಿದರೆ ಕೂಡಲೇ ಧಾರಾಳ ನೀರಿನಿಂದ ತೊಳೆಯುತ್ತಲೇ ಇದ್ದು ವೈದ್ಯರ ಬಳಿ ಹೋಗಬೇಕು.

ಬಳಿಯುವ ಸುಣ್ಣ ಹಾಲಿನಷ್ಟು ತೆಳ್ಳಗಿರಬೇಕು. ಹಸಿಯಾಗಿದ್ದಾಗ ಅದು ಗೋಡೆಯನ್ನು ಮುಚ್ಚಿದಂತೆಯೇ ಕಾಣುವುದಿಲ್ಲ, ಒಣಗುತ್ತಾ ಬಿಳಿಯಾಗುತ್ತದೆ. ಇದನ್ನರಿಯದವರು ಮಂದವಾಗಿ ಬಳಿಯುತ್ತಾರೆ. ಆ ಮಂದ ಪದರವೇ ಬಿರಿದು, ಒರಗಿದವರ ಬಟ್ಟೆಗೆಲ್ಲ ಅಂಟುತ್ತದೆ. ಗೋಡೆಯನ್ನು ಮೊದಲು ನೀರಿನಿಂದ ತೇವಗೊಳಿಸಿ, ದಿನಕ್ಕೊಂದರಂತೆ ಮೂರು ತೆಳು ಲೇಪಗಳನ್ನು ಕೊಟ್ಟರೆ ಚೆನ್ನ. ಅಂಟಿಗೆಂದು ಗಂಜಿ ಬೆರೆಸುವ ರೂಢಿ ಕೆಲವೆಡೆ ಇದೆಯಾದರೂ ತೇವ ಹಿಡಿಯುವ ಗೋಡೆಗೆ ನಾನು ಅದನ್ನು ಹಾಕಲಾರೆ, ಬೂಷ್ಟಿಗೆ ಅದೇ ಆಹಾರ.

ತೇಪೆಯ ಜಾಗಕ್ಕಷ್ಟೇ ಸುಣ್ಣ ಹಚ್ಚಿ ನಿಲ್ಲಿಸಿದರೆ ಬಿಳಿ ಮಚ್ಚೆಯಂತೆ ಎದ್ದು ಕಾಣುತ್ತದೆ. ಮೊದಲೆರಡು ಲೇಪಗಳನ್ನು ತೇಪೆಗೆ ಕೊಟ್ಟು, ಕೊನೆಯದನ್ನು ಮೂಲೆಯಿಂದ ಮೂಲೆಯವರೆಗೆ ಇಡೀ ಗೋಡೆಗೆ ಬಳಿಯುವುದು ಲೇಸು. ಕಾವಿ ಬೆರೆಸಿದ ಗೋಡೆಯಾದರೆ ಬಣ್ಣ ಒಣಗಿದ ಮೇಲೆ ಬಹಳ ತಿಳಿಯಾಗುವುದರಿಂದ ಒಂದು ಇಟ್ಟಿಗೆಯ ಮೇಲೆ ಬಳಿದು, ಮರುದಿನ ಗೋಡೆಗೆ ಹಿಡಿದು ನೋಡಿರಿ. ಉಳಿದ ನೆನೆದ ಸುಣ್ಣದ ಮೇಲೆ ನಾಲ್ಕು ಬೆರಳು ನೀರು ನಿಲ್ಲಿಸಿ ಮುಚ್ಚಿಟ್ಟರೆ ಮುಂದಿನ ದೀಪಾವಳಿಗೂ ಒದಗುತ್ತದೆ.