ಸೆಟಪ್ ಅರ್ಧಕ್ಕೇ ಕೈಕೊಟ್ಟರೆ ಮೊದಲು ವಿಂಡೋಸ್ ಅಪ್‌ಡೇಟ್ ನೋಡಿ

ಸೆಟಪ್ ಫೈಲ್ ಮೇಲೆ ಡಬಲ್ ಕ್ಲಿಕ್ ಮಾಡಿದ್ದೀರಿ. ಕೆಲಸ ಎಷ್ಟಾಯಿತು ಎಂದು ತೋರಿಸುವ ಪಟ್ಟಿ ಮುಕ್ಕಾಲು ಭಾಗ ಓಡಿತು, ಅಲ್ಲೇ ನಿಂತಿತು, ಆಮೇಲೆ ನಿಧಾನಕ್ಕೆ ಹಿಂದಕ್ಕೆ ಸರಿದು ‘ಸೆಟಪ್ ಫೇಲ್ಡ್’ ಎಂದಿತು. ಇಂಥ ಹೊತ್ತಲ್ಲಿ ನಾವೆಲ್ಲ ಮಾಡುವುದು ಒಂದೇ: ಅದೇ ಫೈಲನ್ನು ಮತ್ತೆ ಇಳಿಸಿಕೊಂಡು ಮತ್ತೆ ಓಡಿಸುವುದು. ನಾನೂ ಒಮ್ಮೆ ಹಳೇ ಲ್ಯಾಪ್‌ಟಾಪಿನಲ್ಲಿ ಒಂದೇ ಸಾಫ್ಟ್‌ವೇರನ್ನು ನಾಲ್ಕು ಸಲ ಇಳಿಸಿಕೊಂಡೆ, ಆಂಟಿವೈರಸ್ ಮೇಲೆ ಸಿಟ್ಟು ಬಂದು ಅದನ್ನೂ ಕಿತ್ತುಹಾಕಿದೆ. ಕೊನೆಗೆ ನೋಡಿದರೆ ತಪ್ಪು ಎರಡರದ್ದೂ ಅಲ್ಲ, ವರ್ಷಗಟ್ಟಲೆ ಅಪ್‌ಡೇಟ್ ಆಫ್ ಮಾಡಿಟ್ಟಿದ್ದ ವಿಂಡೋಸಿನದ್ದು. ಅಂದರೆ ನನ್ನದೇ.

ಯಾವ ಸಾಫ್ಟ್‌ವೇರೂ ತನಗೆ ಬೇಕಾದ್ದನ್ನೆಲ್ಲ ಹೊತ್ತು ತರುವುದಿಲ್ಲ. ಕೆಲವು ಫೈಲುಗಳು ವಿಂಡೋಸಿನಲ್ಲಿ ಇದ್ದೇ ಇರುತ್ತವೆ ಅಂತ ನಂಬಿಕೊಂಡು ಬರುತ್ತದೆ. ಯೂನಿವರ್ಸಲ್ ಸಿ ರನ್‌ಟೈಮ್ (ಸಿ, ಸಿ++ ಭಾಷೆಗಳಲ್ಲಿ ಬರೆದ ಸಾಫ್ಟ್‌ವೇರ್ ಓಡಲು ಬೇಕಾದ ಫೈಲುಗಳ ಗುಂಪು) ಅಂಥದ್ದೊಂದು. ವಿಂಡೋಸ್ 10ರಿಂದ ಈಚೆಗೆ ಅದು ಒಳಗೇ ಇದೆ. ವಿಂಡೋಸ್ 7 ಮತ್ತು 8.1ಕ್ಕೆ ಮಾತ್ರ ಕೆಬಿ2999226 ಎಂಬ ಅಪ್‌ಡೇಟ್ ಮೂಲಕ ಬರಬೇಕು (ಕೆಬಿ ನಂಬರ್ ಅಂದರೆ ಮೈಕ್ರೋಸಾಫ್ಟ್ ತನ್ನ ಅಪ್‌ಡೇಟ್‌ಗಳಿಗೆ ಕೊಡುವ ಗುರುತಿನ ಸಂಖ್ಯೆ). ಅದು ಇಲ್ಲದಿದ್ದರೆ ‘ಎಪಿಐ-ಎಂಎಸ್-ವಿನ್-ಸಿಆರ್‌ಟಿ’ ಅಂತ ಶುರುವಾಗುವ ಉದ್ದನೆಯ ಹೆಸರಿನ ಡಿಎಲ್‌ಎಲ್ (ಹಲವು ಸಾಫ್ಟ್‌ವೇರ್‌ಗಳು ಹಂಚಿಕೊಂಡು ಬಳಸುವ ಫೈಲ್) ಕಾಣೆಯಾಗಿದೆ ಎಂಬ ಸಂದೇಶ ಬರುತ್ತದೆ.

ಇಲ್ಲೇ ಜಾಸ್ತಿ ಜನ ಎಡವುವುದು. ಆ ಹೆಸರನ್ನು ಹುಡುಕಿ, ಸಿಕ್ಕ ಸಿಕ್ಕ ಕಡೆಯಿಂದ ಆ ಒಂದು ಡಿಎಲ್‌ಎಲ್ ತಂದು ಸಿಸ್ಟಮ್ ಫೋಲ್ಡರಿಗೆ ಹಾಕುತ್ತಾರೆ. ದಯವಿಟ್ಟು ಬೇಡ. ಒಂದು ಹಾಕಿದರೆ ಇನ್ನೊಂದು ಇಲ್ಲ ಅನ್ನುತ್ತದೆ, ಜೊತೆಗೆ ಬಂದದ್ದು ವೈರಸ್ಸೋ ಏನೋ ಯಾರಿಗೆ ಗೊತ್ತು.

ಮೊದಲು ನಿಮ್ಮ ವಿಂಡೋಸ್ ಯಾವುದು ಅಂತ ನೋಡಿಕೊಳ್ಳಿ. ವಿಂಡೋಸ್ ಕೀ ಮತ್ತು ಆರ್ ಒಟ್ಟಿಗೆ ಒತ್ತಿ, ಬಂದ ಪೆಟ್ಟಿಗೆಯಲ್ಲಿ ‘ವಿನ್‌ವರ್’ ಎಂದು ಇಂಗ್ಲಿಷಿನಲ್ಲಿ ಟೈಪ್ ಮಾಡಿ. ವಿಂಡೋಸ್ 7ರಲ್ಲಿ ಬಿಲ್ಡ್ 7601 ಎಂದಿದ್ದರೆ ಸರ್ವಿಸ್ ಪ್ಯಾಕ್ 1, ಅಂದರೆ ಅಪ್‌ಡೇಟ್‌ಗಳ ದೊಡ್ಡ ಕಟ್ಟು, ಇದೆ. 7600 ಎಂದಿದ್ದರೆ ಇಲ್ಲ. 2011ರಲ್ಲಿ ಬಂದ ಆ ಪ್ಯಾಕೇ ಇಲ್ಲದಿದ್ದರೆ ಮುಂದಿನ ಯಾವ ಕಸರತ್ತೂ ಫಲ ಕೊಡಲ್ಲ, ಅದನ್ನೇ ಮೊದಲು ಹಾಕಿ. ಸಿಸ್ಟಮ್ 32 ಬಿಟ್ಟೋ 64 ಬಿಟ್ಟೋ ಎಂಬುದನ್ನೂ ಬರೆದಿಟ್ಟುಕೊಳ್ಳಿ, ಆಮೇಲೆ ಬೇಕಾಗುತ್ತದೆ.

ಈಗ ಲಾಗ್ ಫೈಲ್, ಅಂದರೆ ಸೆಟಪ್ ತಾನು ಮಾಡಿದ್ದನ್ನೆಲ್ಲ ಬರೆದಿಡುವ ಫೈಲ್. ಸೆಟಪ್ ಸೋತಾಗ ಪರದೆ ಮೇಲೆ ಬರುವುದು ಒಂದೇ ಸಾಲು, ನಿಜವಾದ ಕಾರಣ ಇರುವುದು ಲಾಗಿನಲ್ಲಿ. ಅದೇ ರನ್ ಪೆಟ್ಟಿಗೆಯಲ್ಲಿ ಎರಡು ಪರ್ಸೆಂಟ್ ಚಿಹ್ನೆಗಳ ನಡುವೆ ‘ಟೆಂಪ್’ ಎಂದು ಟೈಪ್ ಮಾಡಿದರೆ ಟೆಂಪ್ ಫೋಲ್ಡರ್ ತೆರೆಯುತ್ತದೆ. ದಿನಾಂಕದ ಪ್ರಕಾರ ಜೋಡಿಸಿ, ಈಗಷ್ಟೇ ಹುಟ್ಟಿದ ಲಾಗನ್ನು ನೋಟ್‌ಪ್ಯಾಡಿನಲ್ಲಿ ತೆಗೆಯಿರಿ. ಕೈಕೊಟ್ಟಿದ್ದು ವಿಷುಯಲ್ ಸಿ++ 2015ರ ರೀಡಿಸ್ಟ್ರಿಬ್ಯೂಟಬಲ್ (ಬೇರೆ ಸಾಫ್ಟ್‌ವೇರ್‌ಗಳು ಓಡಲು ಬೇಕಾಗುವ ಮೈಕ್ರೋಸಾಫ್ಟಿನ ಕಟ್ಟು) ಆಗಿದ್ದರೆ ಅದರ ಹೆಸರು ‘ಡಿಡಿ’ ಎಂದು ಶುರುವಾಗುತ್ತದೆ. ನೂರಾರು ಸಾಲು ನೋಡಿ ಗಾಬರಿ ಬೇಡ, ಎಲ್ಲ ಓದುವುದು ಬೇಕಿಲ್ಲ. ‘ಎರರ್’ ಎಂಬ ಪದ ಹುಡುಕಿ. 80240017 ಎಂದು ಕೊನೆಯಾಗುವ ಕೋಡಿನ ಪಕ್ಕ ‘ಎಂಎಸ್‌ಯು ಪ್ಯಾಕೇಜ್ ಓಡಿಸಲಾಗಲಿಲ್ಲ’ ಎಂಬರ್ಥದ ಸಾಲು ಸಿಕ್ಕರೆ ಕಳ್ಳ ಸಿಕ್ಕಂತೆ (ಎಂಎಸ್‌ಯು ಅಂದರೆ ವಿಂಡೋಸ್ ಅಪ್‌ಡೇಟ್ ಇರುವ ಫೈಲ್). ಸೆಟಪ್ ತಾನೇ ಅಪ್‌ಡೇಟ್ ಹಾಕಲು ಹೋಗಿದೆ, ನಿಮ್ಮ ವಿಂಡೋಸ್ ‘ಇದು ನನಗೆ ಹೊಂದಲ್ಲ’ ಎಂದು ವಾಪಸ್ ಕಳಿಸಿದೆ. ಆಸುಪಾಸಿನ ಸಾಲುಗಳಲ್ಲಿ ಕೆಬಿ ನಂಬರೂ ಇರುತ್ತದೆ.

ಹೊಂದಲ್ಲ ಅನ್ನುವುದಕ್ಕೆ ಸಾಮಾನ್ಯ ಕಾರಣ, ಅದಕ್ಕೂ ಮುಂಚೆ ಹಾಕಬೇಕಾದ ಅಪ್‌ಡೇಟ್ ಬಿಟ್ಟುಹೋಗಿರುವುದು. ವಿಂಡೋಸ್ 8.1ರಲ್ಲಿ ಕೆಬಿ2999226 ಬೇಕೆಂದರೆ 2014ರ ಕೆಬಿ2919355 ಇರಬೇಕು, ಅದು ಬೇಕೆಂದರೆ ಕೆಬಿ2919442 ಇರಬೇಕು. ಸರಪಳಿ ಇದ್ದ ಹಾಗೆ, ನಡುವಿನ ಕೊಂಡಿ ಹಾರಿಸಿದರೆ ಆಗಲ್ಲ. ವಿಂಡೋಸ್ 7ರಲ್ಲಿ ಇನ್ನೊಂದು ತಕರಾರು. 2019ರಿಂದ ಮೈಕ್ರೋಸಾಫ್ಟ್ ಅಪ್‌ಡೇಟ್‌ಗಳಿಗೆ ಎಸ್‌ಎಚ್‌ಎ-2 ಸಹಿ (ಫೈಲ್ ಅಸಲಿ ಎಂದು ತೋರಿಸುವ ಡಿಜಿಟಲ್ ಗುರುತು) ಮಾತ್ರ ಹಾಕುತ್ತಿದೆ. ಆ ಸಹಿ ಗುರುತಿಸಲು ಕೆಬಿ4490628 ಮತ್ತು ಕೆಬಿ4474419 ಬೇಕು. ಇವೆರಡೂ ಇಲ್ಲದ ಕಂಪ್ಯೂಟರಿಗೆ ಆಮೇಲಿನವು ಒಗ್ಗುವುದಿಲ್ಲ.

ಬೇಕಾದ ನಂಬರ್ ಗೊತ್ತಾದ ಮೇಲೆ ಮೊದಲು ಮಾಮೂಲಿ ವಿಂಡೋಸ್ ಅಪ್‌ಡೇಟನ್ನೇ ಓಡಿಸಿ ನೋಡಿ. ಅಲ್ಲಿ ಬರದಿದ್ದರೆ ಮೈಕ್ರೋಸಾಫ್ಟ್ ಅಪ್‌ಡೇಟ್ ಕ್ಯಾಟಲಾಗ್ ಎಂಬ ಅವರದ್ದೇ ತಾಣದಲ್ಲಿ ಕೆಬಿ ನಂಬರ್ ಹಾಕಿ ಹುಡುಕಿ. ಬರೆದಿಟ್ಟುಕೊಂಡ 32/64 ಈಗ ನೋಡಿ. ತಪ್ಪು ಫೈಲ್ ಇಳಿಸಿದರೂ ಅದೇ ‘ಹೊಂದಲ್ಲ’ ಎಂಬ ಉತ್ತರ ಬರುತ್ತದೆ, ಸುಮ್ನೆ ತಲೆ ಕೆಡುತ್ತದೆ.

ಇಳಿಸಿದ ಎಂಎಸ್‌ಯು ಫೈಲ್ ‘ಸರ್ಚಿಂಗ್ ಫಾರ್ ಅಪ್‌ಡೇಟ್ಸ್’ ಎಂದು ಗಂಟೆಗಟ್ಟಲೆ ಕೂತುಬಿಡುವುದು ವಿಂಡೋಸ್ 7ರ ಹಳೇ ಚಾಳಿ. ಅದನ್ನು ಕ್ಯಾನ್ಸಲ್ ಮಾಡಿ, ಸರ್ವಿಸಸ್ (ಹಿನ್ನೆಲೆಯಲ್ಲಿ ಓಡುವ ಪ್ರೋಗ್ರಾಮುಗಳ) ಪಟ್ಟಿಯಲ್ಲಿ ‘ವಿಂಡೋಸ್ ಅಪ್‌ಡೇಟ್’ ಹುಡುಕಿ ಸ್ಟಾಪ್ ಕೊಟ್ಟು, ತಕ್ಷಣ ಎಂಎಸ್‌ಯು ಓಡಿಸಿ. ಬೇಕಾದಾಗ ಎಂಎಸ್‌ಯು ತಾನೇ ಸರ್ವಿಸನ್ನು ಎಬ್ಬಿಸಿಕೊಳ್ಳುತ್ತದೆ. ಸ್ಟಾಪ್ ಅಂದೆ, ಡಿಸೇಬಲ್ ಅಲ್ಲ. ಡಿಸೇಬಲ್ ಆಗಿದ್ದರೆ 80070422 ಎಂದು ಕೊನೆಯಾಗುವ ಎರರ್ ಬರುತ್ತದೆ. ಅಪ್‌ಡೇಟ್ ಕಾಟ ಬೇಡವೆಂದು ನಾವೇ ಯಾವತ್ತೋ ಡಿಸೇಬಲ್ ಮಾಡಿ ಮರೆತಿರುತ್ತೇವೆ ಅಲ್ವಾ, ಹಾಗಿದ್ದರೆ ಅದನ್ನು ‘ಮ್ಯಾನುಯಲ್’ಗೆ ಬದಲಿಸಿ.

ಕಂಪ್ಯೂಟರಿನ ದಿನಾಂಕವನ್ನೂ ಒಮ್ಮೆ ನೋಡಿ. ಮದರ್‌ಬೋರ್ಡ್ ಸೆಲ್ ಸತ್ತು ಗಡಿಯಾರ ಹಿಂದಕ್ಕೆ ಹೋಗಿದ್ದರೆ ಅಪ್‌ಡೇಟ್ ಸರ್ವರಿನ ಸರ್ಟಿಫಿಕೇಟನ್ನು (ಗುರುತಿನ ಚೀಟಿಯನ್ನು) ವಿಂಡೋಸ್ ನಂಬುವುದೇ ಇಲ್ಲ.

ಒಂದೊಂದು ಅಪ್‌ಡೇಟ್ ಹಾಕಿದ ಮೇಲೂ ರೀಸ್ಟಾರ್ಟ್ ಕೇಳಿದರೆ ಮಾಡಿ. ‘ಎಲ್ಲ ಮುಗಿದ ಮೇಲೆ ಒಂದೇ ಸಲ’ ಎಂಬ ಸೋಮಾರಿತನ ಇಲ್ಲಿ ನಡೆಯಲ್ಲ, ಅರ್ಧ ಕೂತ ಅಪ್‌ಡೇಟ್ ಮುಂದಿನದಕ್ಕೆ ಅಡ್ಡ ಬರುತ್ತದೆ. ಆಮೇಲೆ ಮೂಲ ಸೆಟಪ್ ಓಡಿಸಿ. ಜಾಸ್ತಿ ಸಲ ಇಷ್ಟಕ್ಕೇ ಸರಿಹೋಗುತ್ತದೆ. ಆಗದಿದ್ದರೆ ಅಡ್ಮಿನಿಸ್ಟ್ರೇಟರ್ ಆಗಿ ಕಮಾಂಡ್ ಪ್ರಾಂಪ್ಟ್ ತೆರೆದು ‘ಎಸ್‌ಎಫ್‌ಸಿ ಸ್ಕ್ಯಾನ್‌ನೌ’ ಆಜ್ಞೆ ಕೊಡಿ (ನಡುವೆ ಒಂದು ಸ್ಪೇಸ್ ಮತ್ತು ಓರೆ ಗೆರೆ ಇರಲಿ), ಕೆಟ್ಟ ಸಿಸ್ಟಮ್ ಫೈಲ್ ಇದ್ದರೆ ರಿಪೇರಿಯಾಗಲಿ.

ಇಷ್ಟಾದರೂ ‘ಇದಕ್ಕೆ ವಿಂಡೋಸ್ 10 ಅಥವಾ ಹೊಸದು ಬೇಕು’ ಎಂದೇ ಹೇಳಿದರೆ ಯಾವ ಕೆಬಿಯೂ ಸಹಾಯಕ್ಕೆ ಬರಲ್ಲ. ವಿಂಡೋಸ್ 7ರ ಸಾಮಾನ್ಯ ಬೆಂಬಲ 2020ರ ಜನವರಿ 14ಕ್ಕೇ ಮುಗಿದಿದೆ. 10ರದ್ದೂ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ಆಗ ಉಳಿಯುವುದು ಎರಡು ದಾರಿ: ಸಾಫ್ಟ್‌ವೇರ್ ಮಾಡಿದವರ ತಾಣದಲ್ಲೇ ಅದರ ಹಳೇ ಆವೃತ್ತಿ ಇದೆಯಾ ನೋಡುವುದು, ಇಲ್ಲವೇ ಫೈಲುಗಳ ಬ್ಯಾಕಪ್ ತೆಗೆದುಕೊಂಡು ವಿಂಡೋಸನ್ನೇ ಬದಲಿಸುವುದು. ನಾನಂತೂ ಆ ಹಳೇ ಲ್ಯಾಪ್‌ಟಾಪಿಗೆ ಮೊದಲನೆಯದನ್ನೇ ಮಾಡಿದೆ.